ಮೇಲ್ವಿಚಾರಕಿಯ ಮಗಳು

ಹುಡುಗರೆಲ್ಲ ನನ್ನನ್ನು ಠಪ್ಪಮ್ಮ ಅಂತಾರೆ. ಎದುರಿಗಲ್ಲ, ಬೆನ್ನ ಹಿಂದೆ. ನನಗೆ ಕೇಳಿಸಲ್ಲ ಅಂದುಕೊಂಡಿದ್ದಾರೆ. ಗಾಜಿನಲ್ಲಿ ತೂತಿದೆ ಅನ್ನೋದು ಅವರಿಗೆ ಮರೆತುಹೋಗುತ್ತೆ. ವಿಶ್ವವಿದ್ಯಾಲಯದ ಆಡಳಿತ ಕಟ್ಟಡ, ನೆಲಮಾಳಿಗೆ, ಮೂರನೇ ಕಿಟಕಿ. ಇಲ್ಲದವರ ಮನೆಯಿಂದ ಬಂದು ಎಂ.ಎ., ಎಂ.ಎಸ್ಸಿ. ಓದೋ ಮಕ್ಕಳು ಸಹಾಯಧನಕ್ಕೆ ಅರ್ಜಿ ಕೊಡೋ ಕಿಟಕಿ ಅದು. ಇಪ್ಪತ್ತಾರು ವರ್ಷದಿಂದ ಅದರ ಹಿಂದೆ ಕೂತಿದ್ದೀನಿ. ಅರ್ಜಿ ತೂತಿನಿಂದ ಒಳಗೆ ಬರುತ್ತೆ, ನಾನು 'ಸ್ವೀಕರಿಸಿದೆ' ಅನ್ನೋ ತಾರೀಕಿನ ಮುದ್ರೆಯನ್ನ ಒಂದೊಂದು ಹಾಳೆಗೂ ಠಪ್ ಠಪ್ ಅಂತ ಹೊಡೀತೀನಿ, ನಂಬರ್ ಬರೀತೀನಿ, "ಮುಂದೆ ನಡಿ" ಅಂತೀನಿ. ಅಷ್ಟೇ.

ಓದೋದು ಮಧ್ಯಾಹ್ನದ ಮೇಲೆ. ಮೊದಲು ಮುದ್ರೆ, ಆಮೇಲೆ ಓದು. ಇದು ನನ್ನ ಪದ್ಧತಿ, ನಾನೇ ಕಂಡುಹಿಡಿದದ್ದು. ಎರಡನೇ ಕಿಟಕಿಯ ಮಹಾನುಭಾವ ಇದ್ದಾನಲ್ಲ, ಅವನು ಪ್ರತಿ ಕಾಗದವನ್ನೂ ಮೂಗಿಗೆ ಹಿಡಿದು ಓದಿ, ಇದು ಸರಿ ಇಲ್ಲ, ಅದು ಸರಿ ಇಲ್ಲ ಅಂತ ವಾಪಸ್ ಕಳಿಸ್ತಾನೆ. ಗಂಟೆಗೆ ಎಂಟು ಜನ. ನಾನು ನಲವತ್ತು ಜನ. ಅವನ ಸಾಲು ಮೆಟ್ಟಿಲ ತನಕ ಬೆಳೆದಾಗ ನನಗೆ ಒಳಗೊಳಗೇ ಖುಷಿ ಆಗ್ತಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ವರ್ಷ ಚುರುಕು ಸಿಬ್ಬಂದಿ ಅಂತ ನನಗೊಂದು ಗೋಡೆ ಗಡಿಯಾರ ಕೊಟ್ಟರು. ಅದು ಇವತ್ತಿಗೂ ಮನೆಯಲ್ಲಿ ಐದು ನಿಮಿಷ ಮುಂದೆ ಓಡುತ್ತೆ.

ಆ ಹುಡುಗಿ ಬಂದಿದ್ದು ಅರ್ಜಿಯ ಕೊನೇ ದಿನ. ಜೊತೆಯವರು ಅವಳನ್ನ ಕಪ್ಪೆ ಅಂತ ಕರೀತಿದ್ದರು. ಅವಳು ಓದ್ತಿದ್ದಿದ್ದು ಕಪ್ಪೆಗಳನ್ನೇ. ಚರಂಡಿ ಪಕ್ಕ ಕೂತು ಅವುಗಳ ಕೂಗನ್ನ ಯಂತ್ರದಲ್ಲಿ ಹಿಡಿದು, ಯಾವುದು ಯಾವ ಜಾತಿ ಅಂತ ಬರೆಯೋದು ಅವಳ ಕೆಲಸ. ಅದಕ್ಕೂ ಒಂದು ಎಂ.ಎಸ್ಸಿ. ಇದೆ ಅಂತ ನನಗೆ ಅವಳಿಂದಲೇ ಗೊತ್ತಾಗಿದ್ದು. ಮೊದಲ ವರ್ಷದ ಶುಲ್ಕವನ್ನ ಅವಳಮ್ಮ ಹೇಗೋ ಮಾಡಿ ಕಟ್ಟಿದ್ದಳು. ಎರಡನೇ ವರ್ಷಕ್ಕೆ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಸಹಾಯಧನ ಬಂದರೆ ಓದು, ಬರದಿದ್ದರೆ ಓದು ಅಲ್ಲಿಗೇ ನಿಂತಿತು. ನಡುವೆ ಒಂದು ವರ್ಷ ಬಿಟ್ಟವರಿಗೆ ಮತ್ತೆ ಸೀಟೂ ಇಲ್ಲ, ಸಹಾಯಧನವೂ ಇಲ್ಲ. ಅದು ನಿಯಮ.

ಅವಳ ಮುಂದೆ ಇದ್ದ ಹುಡುಗ ಫೋಟೋ ಅಂಟಿಸದೇ ಬಂದು ನನ್ನ ಹತ್ತಿರ ಬೈಸಿಕೊಂಡಿದ್ದ. ನನ್ನ ತಲೆ ಕಾದಿತ್ತು. ಅವಳು ಕಾಗದ ಒಳಗೆ ತಳ್ಳಿ, ಬಗ್ಗಿ, ತೂತಿಗೆ ಬಾಯಿಟ್ಟು ಕೇಳಿದಳು:

"ಅಕ್ಕಾ, ಒಂದು ಸಲ ನೋಡ್ತೀರಾ? ಎಲ್ಲ ಸರಿ ಇದೆಯಾ ಅಂತ. ಅಮ್ಮನ ಸಂಬಳದ ಪತ್ರ ಮುಚ್ಚಿದ ಕವರಲ್ಲಿತ್ತು. ಈಗ ಒಡೆದು ಲಗತ್ತಿಸಿದೆ, ಓದೋಕೂ ಪುರಸೊತ್ತಾಗಲಿಲ್ಲ."

"ನಿನ್ನೊಬ್ಬಳದ್ದು ನೋಡ್ತಾ ಕೂತರೆ ಹಿಂದಿರೋರು ಮನೆಗೆ ಹೋಗಬೇಕಾ?" ಅಂದೆ. ಠಪ್, ಠಪ್, ಠಪ್, ಠಪ್. ನಾಲ್ಕು ಹಾಳೆ. "ಮುಂದೆ ನಡಿ."

ಅವಳು ನಡೆದಳು.

ಮಧ್ಯಾಹ್ನ ಓದೋಕೆ ಕೂತೆ. ನಮ್ಮ ನಿಯಮ ಏನಂದರೆ, ಅಪ್ಪನೋ ಅಮ್ಮನೋ ಕೆಲಸದಲ್ಲಿದ್ದರೆ ಕೆಲಸ ಕೊಟ್ಟವರಿಂದ ಹಿಂದಿನ ವರ್ಷದ ಸಂಬಳದ ಪತ್ರ ತರಬೇಕು. ಕೆಲಸವೇ ಇಲ್ಲದವರಿಗೆ ಯಾರ ಪತ್ರವೂ ಬೇಡ, ಅವರೇ ಸಹಿ ಹಾಕಿದ ಘೋಷಣೆ ಸಾಕು. ಆದಾಯ ಒಂದು ಮಿತಿಯೊಳಗೆ ಇರಬೇಕು. ಆ ಮಿತಿಯನ್ನ ಯಾವ ಕಾಲದಲ್ಲಿ ಹಾಕಿದ್ದೋ, ನಾನು ಕೆಲಸಕ್ಕೆ ಸೇರಿದ ಮೇಲೆ ಒಂದೇ ಸಲ ಬದಲಾಗಿದ್ದು.

ಈ ಹುಡುಗಿಯ ಪತ್ರ ಒಂದು ಲಾಂಡ್ರಿಯಿಂದ ಬಂದಿತ್ತು. ದಪ್ಪ ಕಾಗದ, ಮೇಲೆ ನೀಲಿ ಅಕ್ಷರ. 'ಇವರು ನಮ್ಮ ಸಂಸ್ಥೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಮೇಲ್ವಿಚಾರಕಿಯಾಗಿದ್ದಾರೆ.' ಕೆಳಗೆ ಸಂಬಳ. ಹನ್ನೆರಡರಿಂದ ಗುಣಿಸಿದರೆ ನಮ್ಮ ಮಿತಿಗಿಂತ ಎಷ್ಟೋ ಮೇಲೆ.

ನನಗೆ ಮೈ ಉರಿದುಹೋಯಿತು. ಮೇಲ್ವಿಚಾರಕಿಯಂತೆ! ಮೇಲ್ವಿಚಾರಕಿಯ ಮಗಳು ಇಲ್ಲಿ ಬಂದು ಮುಖ ಸಪ್ಪೆ ಮಾಡಿಕೊಂಡು ಅಕ್ಕಾ ಅಕ್ಕಾ ಅಂತಾಳೆ, ನಿಜವಾಗಿ ಇಲ್ಲದವರ ಪಾಲಿಗೆ ಕೈ ಹಾಕ್ತಾಳೆ. ಇಂಥವರು ವರ್ಷಕ್ಕೆ ಹತ್ತು ಜನ ಬರ್ತಾರೆ. ಕೆಂಪು ಪೆನ್ನು ತಗೊಂಡು ಅಡ್ಡಗೆರೆ ಎಳೆದೆ. 'ಅನರ್ಹ. ಆದಾಯ ಮಿತಿ ಮೀರಿದೆ.' ಬರೆದು ಚಹಾ ಕುಡಿಯೋಕೆ ಹೋದೆ. ಚಹಾ ಚೆನ್ನಾಗಿತ್ತು.

ಅರ್ಹರ ಪಟ್ಟಿ ಹಚ್ಚಿದ ದಿನ ಅವಳು ಬಂದಳು. ಅಳ್ತಾ ಇರಲಿಲ್ಲ. ಅದೇ ನನಗೆ ಆಮೇಲೆ ನೆನಪಿಗೆ ಬಂದಿದ್ದು.

"ಅಕ್ಕಾ, ನಮ್ಮಮ್ಮ ಮೇಲ್ವಿಚಾರಕಿ ಅಲ್ಲ. ಇಸ್ತ್ರಿ ಮಾಡ್ತಾಳೆ."

"ಹಾಗಾದ್ರೆ ಇದು ಯಾರಮ್ಮನ ಪತ್ರ?"

"ಅವಳದ್ದೇ. ಆದ್ರೆ ಸುಳ್ಳು."

ಇಪ್ಪತ್ತಾರು ವರ್ಷದಲ್ಲಿ ನನಗೆ ಎಲ್ಲ ಥರದ ಸುಳ್ಳು ಗೊತ್ತು. ಕಮ್ಮಿ ತೋರಿಸೋ ಸುಳ್ಳು. ಅದನ್ನ ಹಿಡಿಯೋಕೇ ನನಗೆ ಸಂಬಳ. ಜಾಸ್ತಿ ತೋರಿಸೋ ಸುಳ್ಳನ್ನ ನಾನು ನೋಡಿಯೇ ಇರಲಿಲ್ಲ. "ಯಾವ ತಲೆ ಸರಿ ಇರೋರು ಈ ಕಿಟಕಿಗೆ ಜಾಸ್ತಿ ಬರೆಸಿಕೊಂಡು ಬರ್ತಾರೆ?" ಅಂತ ಕೂಗಿದೆ. ಎರಡನೇ ಕಿಟಕಿಯವನು ಕತ್ತು ಉದ್ದ ಮಾಡಿ ನೋಡಿದ.

ಮಾರನೇ ದಿನ ಅಮ್ಮನೇ ಬಂದಳು. ಸಣ್ಣ ಹೆಂಗಸು, ಗಾಜಿನ ತೂತಿಗೆ ಗಲ್ಲ ತಾಕೋಷ್ಟೇ ಎತ್ತರ. ಎರಡೂ ಮುಂಗೈ ಮೇಲೆ ಸುಟ್ಟ ಗೆರೆಗಳು, ಹಳೇವು ಬಿಳಿ, ಹೊಸವು ಕೆಂಪು. ನನ್ನನ್ನ ನೋಡಿ ನಕ್ಕಳು. ತಪ್ಪು ಮಾಡಿದವರ ನಗು ಅಲ್ಲ, ಎಲ್ಲೋ ಸಣ್ಣ ಗೊಂದಲ ಆಗಿದೆ, ಈಗ ಸರಿ ಹೋಗುತ್ತೆ ಅನ್ನೋರ ನಗು.

"ನೋಡೀಮ್ಮಾ," ಅಂದಳು. "ಬಾಡಿಗೆ ಮನೆ ಕೇಳೋಕೆ ಹೋದಾಗ ಮನೆಯೋರು, ನಿನಗೆ ಸಂಬಳ ಎಷ್ಟು, ಪತ್ರ ತಾ ಅಂದ್ರು. ಯಜಮಾನ್ರು ಬರೆದುಕೊಟ್ರು. ಕಂತಿನ ಮೇಲೆ ಹೊಲಿಗೆ ಯಂತ್ರ ತಗೊಳ್ಳೋವಾಗ ಪತ್ರ ಕೇಳಿದ್ರು. ಬರೆದುಕೊಟ್ರು. ಇವಳನ್ನ ಶಾಲೆಗೆ ಸೇರಿಸೋವಾಗ, ಶುಲ್ಕ ಕಟ್ಟೋ ತಾಕತ್ತಿದೆಯಾ ಅಂತ ಪತ್ರ. ಎಲ್ಲ ಕಡೆ ಅದೇ ಪತ್ರ ಕೊಟ್ಟಿದ್ದೀನಿ. ಯಾವತ್ತೂ ಯಾರೂ ಬೇಡ ಅನ್ನಲಿಲ್ಲ. ಇಲ್ಲಿ ದೊಡ್ಡ ದೊಡ್ಡ ಓದಿದೋರು ನೋಡ್ತಾರೆ, ಸ್ವಲ್ಪ ಚೆನ್ನಾಗಿ ಬರೀರಿ ಅಂತ ನಾನೇ ಕೇಳ್ಕೊಂಡೆ. ಮಗಳ ಮರ್ಯಾದೆ ನೋಡಿ."

ಆ ಹೆಂಗಸು ಬದುಕಿನಲ್ಲಿ ತಟ್ಟಿದ ಬಾಗಿಲೆಲ್ಲ 'ನಿನ್ನ ಹತ್ತಿರ ಇದೆಯಾ' ಅಂತ ಕೇಳಿದ್ದವು. 'ಇಲ್ಲ ತಾನೇ' ಅಂತ ಕೇಳೋ ಕಿಟಕಿಯೂ ಒಂದಿರುತ್ತೆ ಅಂತ ಅವಳಿಗೆ ಯಾರು ಹೇಳಬೇಕಿತ್ತು? ನಾನು ಹೇಳಬೇಕಿತ್ತು. ಹುಡುಗಿ ಕೇಳಿದಾಗ ಎರಡು ಕ್ಷಣ ಬಗ್ಗಿ ನೋಡಿದ್ದರೆ, ಮುದ್ರೆ ಹೊಡೆಯೋಕೆ ಮುಂಚೆ, "ಏ, ಇದನ್ನ ವಾಪಸ್ ತಗೊಂಡು ಹೋಗು" ಅನ್ನಬಹುದಿತ್ತು. ಎರಡನೇ ಕಿಟಕಿಯ ಮಹಾನುಭಾವ ಹಾಗೇ ಅಂತಿದ್ದ. ಖಂಡಿತ ಅಂತಿದ್ದ.

ಸಾಹೇಬರ ಹತ್ತಿರ ಹೋದೆ. ಸಾಹೇಬರು ಕೆಟ್ಟವರಲ್ಲ, ಅವರನ್ನ ಬೈದರೆ ನನಗೆ ಪಾಪ ಬರುತ್ತೆ. ಕನ್ನಡಕ ಹಣೆ ಮೇಲೆ ಏರಿಸಿ ಪತ್ರ ನೋಡಿದರು, ನನ್ನ ಮುದ್ರೆ ನೋಡಿದರು.

"ಮುದ್ರೆ ಬಿದ್ದ ಮೇಲೆ ಇದು ದಾಖಲೆ," ಅಂದರು. "ತೆಗೆಯೋಕೆ ನಿಮಗೂ ಆಗಲ್ಲ, ನನಗೂ ಆಗಲ್ಲ. ಹದಿನೈದು ದಿನ ಮೇಲ್ಮನವಿಗೆ ಅವಕಾಶ ಇದೆ. ಕೆಲಸ ಕೊಟ್ಟವನು, ಮೊದಲ ಪತ್ರ ತಪ್ಪು, ನಿಜದ ಸಂಬಳ ಇಷ್ಟು ಅಂತ ಪ್ರಮಾಣ ಮಾಡಿ ಬರೆದುಕೊಡಲಿ. ಆಗ ನೋಡೋಣ."

"ಅವನು ಕೊಡ್ತಾನಾ ಸಾರ್?"

"ಅದನ್ನ ಅವನನ್ನ ಕೇಳಿ," ಅಂದರು.

ಕೇಳೋಕೆ ನಾನೇ ಹೋದೆ. ಅರ್ಧ ದಿನ ರಜೆ ಹಾಕಿ, ತಾಯಿ ಮಗಳ ಜೊತೆ. ಇಪ್ಪತ್ತಾರು ವರ್ಷದಲ್ಲಿ ಯಾವ ಅರ್ಜಿಯ ಹಿಂದೆಯೂ ಹೋದವಳಲ್ಲ ನಾನು. ಹೋಗಿದ್ದು ದಯೆಯಿಂದಲ್ಲ, ಮುದ್ರೆ ಹೊಡೆದ ಕೈ ನನ್ನದು ಅಂತ.

ಲಾಂಡ್ರಿ ದೊಡ್ಡಾಸ್ಪತ್ರೆಯ ಹಿಂಬದಿಯ ಗಲ್ಲಿಯಲ್ಲಿತ್ತು. ಆಸ್ಪತ್ರೆಯ ಹೊದಿಕೆ, ದಿಂಬಿನ ಚೀಲ, ಡಾಕ್ಟರರ ಅಂಗಿ ಎಲ್ಲ ಅಲ್ಲಿಗೆ ಬರುತ್ತೆ. ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹಬೆ ರಾಚಿತು. ಉದ್ದದ ಕೋಣೆ, ಎರಡು ಸಾಲು ಮೇಜು, ಮೇಜಿಗೊಬ್ಬಳು ಹೆಂಗಸು. ಮೇಲಿಂದ ಇಳಿಬಿದ್ದ ಕೊಳವೆಗಳು, ತುದಿಯಲ್ಲಿ ಇಸ್ತ್ರಿಪೆಟ್ಟಿಗೆ. ಎಲ್ಲರೂ ನಿಂತೇ ಇದ್ದರು. ಕೂರೋಕೆ ಅಲ್ಲಿ ಏನೂ ಇರಲಿಲ್ಲ. ಅಮ್ಮ ಕಿಟಕಿ ಪಕ್ಕದ ಏಳನೇ ಮೇಜು ತೋರಿಸಿದಳು. "ನಂದು," ಅಂದಳು. ಮೇಜಿನ ಬಟ್ಟೆ ಅವಳ ಮೊಣಕೈ ತಾಕೋ ಕಡೆ ಸವೆದು ಹೋಗಿತ್ತು. ಕಿಟಕಿಯಾಚೆ ಬಿಸಿನೀರು ಹರಿಯೋ ಚರಂಡಿ. "ನನ್ನ ಕಪ್ಪೆಗಳು ಅಲ್ಲೇ," ಅಂತ ಹುಡುಗಿ ಹೇಳಿದಳು. "ಚಿಕ್ಕವಳಿದ್ದಾಗ ಅಮ್ಮನ ಕೆಲಸ ಮುಗಿಯೋ ತನಕ ಅಲ್ಲೇ ಕೂತಿರ್ತಿದ್ದೆ. ಮಾಡೋಕೆ ಬೇರೇನೂ ಇರಲಿಲ್ಲ, ಕೇಳಿಸ್ಕೊಳ್ತಿದ್ದೆ." ಬಿಸಿನೀರಿನ ಚರಂಡಿಯಲ್ಲಿ ಚಳಿಗಾಲದಲ್ಲೂ ಕೂಗೋ ಕಪ್ಪೆ ಬೇರೆಲ್ಲೂ ಇಲ್ಲವಂತೆ. ಎರಡನೇ ವರ್ಷದ ಪ್ರಬಂಧ ಅದರ ಮೇಲೇ ಬರೆಯೋಳಿದ್ದಳು ಅವಳು. ಆ ಮಾತು ಹೇಳೋವಾಗ ಮಾತ್ರ ಅವಳ ಮುಖದಲ್ಲಿ ಬೆಳಕಿತ್ತು.

ಯಜಮಾನ ಮರ್ಯಾದಸ್ಥ. ನನಗೆ ಕುರ್ಚಿ ಹಾಕಿಸಿದ. ಪತ್ರ ತೋರಿಸಿದೆ. ನೋಡಿ, ಅವನೂ ನಕ್ಕ.

"ಇದು ಎಲ್ಲರಿಗೂ ಕೊಡೋ ಪತ್ರ ಮೇಡಂ. ನನ್ನ ಹತ್ತಿರ ಇಪ್ಪತ್ತೆರಡು ಜನ ಇದ್ದಾರೆ, ಇಪ್ಪತ್ತೆರಡು ಜನಾನೂ ಮೇಲ್ವಿಚಾರಕಿಯರೇ. ಪಾಪ, ಮನೆ ಸಿಗಲಿ ಅಂತ ಬರೆದುಕೊಡ್ತೀನಿ. ನನ್ನ ಗಂಟೇನು ಹೋಗುತ್ತೆ?"

"ಈಗ ನಿಜ ಬರೆದುಕೊಡಿ."

ಅವನ ನಗು ನಿಂತಿತು. ಬಾಗಿಲು ಹಾಕಿ ಬಂದು ಕೂತ.

"ನಿಜ ಬರೆದರೆ ಮೇಡಂ, ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಗಿಂತ ಕಮ್ಮಿ ಕೊಡ್ತಾ ಇದ್ದೀನಿ ಅಂತ ನಾನೇ ಪ್ರಮಾಣ ಮಾಡಿದ ಹಾಗಾಯ್ತು. ನನ್ನ ಕೈಗೆ ಬೇಡಿ ಬೀಳುತ್ತೆ. ಬೇಕಾದ್ರೆ ಕನಿಷ್ಠ ಕೂಲಿ ಕೊಡ್ತೀನಿ ಅಂತ ಬರೆದುಕೊಡ್ತೀನಿ. ಆಗುತ್ತಾ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕನಿಷ್ಠ ಕೂಲಿ ಸಿಗೋರೂ ನಮ್ಮ ಮಿತಿ ದಾಟಿಬಿಡ್ತಾರೆ. ಎಂಥಾ ನಿಯಮ ನೋಡಿ. ನಮ್ಮ ಸಹಾಯಧನಕ್ಕೆ ಅರ್ಹಳಾಗೋಷ್ಟು ಕಮ್ಮಿ ಸಂಬಳ ಕೊಡೋನು ಯಾವನೂ ಅದನ್ನ ಬರೆದು ಸಹಿ ಹಾಕೋ ಹಾಗೇ ಇಲ್ಲ. ಇದು ನನ್ನ ತಲೆಗೆ ಇಪ್ಪತ್ತಾರು ವರ್ಷದಲ್ಲಿ ಹೊಳೆದಿರಲಿಲ್ಲ. ಮುದ್ರೆ ಹೊಡೆಯೋ ಕೈಗೆ ತಲೆ ಯಾಕೆ ಬೇಕು!

ಬೇಡಿಕೊಂಡೆ, ಗದರಿಸಿದೆ, ಕಾರ್ಮಿಕ ಇಲಾಖೆಗೆ ಹೇಳ್ತೀನಿ ಅಂದೆ. "ಹೇಳಿ," ಅಂದ. "ಲಾಂಡ್ರಿ ಮುಚ್ತಾರೆ. ಹೊರಗೆ ಇಪ್ಪತ್ತೆರಡು ಜನ ನಿಂತಿದ್ದಾರೆ, ಒಂದು ಮಾತು ಅವರನ್ನೂ ಕೇಳ್ಕೊಂಡು ಹೇಳಿ." ಅಮ್ಮ ನನ್ನ ತೋಳು ಹಿಡಿದು ಎಳೆದಳು. "ಬೇಡಮ್ಮಾ, ಬನ್ನಿ."

ಗಲ್ಲಿಗೆ ಬಂದೆವು. ಹುಡುಗಿ ಕ್ಲಾಸಿಗೆ ಹೊತ್ತಾಯಿತು ಅಂತ ಹೊರಟುಹೋದಳು. ನಾನೂ ಅಮ್ಮನೂ ಬಸ್ಸಿಗೆ ಕಾಯ್ತಾ ನಿಂತೆವು. ಸಿಟ್ಟು ಬಂದಾಗ ನನ್ನ ಬಾಯಿಗೆ ಬೀಗ ಇರಲ್ಲ. ಯಾರಿಗೆ ಅಂತಿಲ್ಲ, ರಸ್ತೆಗೇ ಹೇಳಿದೆ:

"ಈ ಹಾಳು ಕೆಲಸ ಇರೋದಕ್ಕೇ ಇಷ್ಟೆಲ್ಲ ಗೋಳು! ಕೆಲಸ ಇಲ್ಲದೋರಿಗೆ ಯಾವನ ಕಾಗದವೂ ಬೇಡ. ತಾವೇ ಒಂದು ಸಹಿ ಹಾಕಿದ್ರೆ ಮುಗೀತು!"

"ಹೌದಾ?" ಅಂದಳು ಅಮ್ಮ.

"ಹೂಂ ಮತ್ತೆ."

ಬಸ್ಸು ಬಂತು. ನಾನು ಹತ್ತಿದೆ. ಹಿಂದಿನ ವರ್ಷ ಕೆಲಸ ಇಲ್ಲದೋರಿಗೆ ಅಂತ ನಾನು ಹೇಳಲಿಲ್ಲ. ನಾವು ನೋಡೋದು ಹಿಂದಿನ ವರ್ಷದ ಆದಾಯ ಅನ್ನೋದು ನನಗೆ ಉಸಿರಾಟದ ಹಾಗೆ ಗೊತ್ತಿರೋ ವಿಷಯ. ಹೇಳಬೇಕು ಅಂತ ಹೊಳೆಯಲೇ ಇಲ್ಲ. ಬಸ್ಸಿನ ಕಿಟಕಿಯಿಂದ ನೋಡಿದಾಗ ಅವಳು ಇನ್ನೂ ಅಲ್ಲೇ ನಿಂತು ಏನೋ ಯೋಚನೆ ಮಾಡ್ತಿದ್ದಳು.

ನಾಲ್ಕು ದಿನ ಕಳೆದು, ಬೆಳಿಗ್ಗೆ ಕಿಟಕಿ ತೆಗೆಯೋಕೆ ಮುಂಚೆಯೇ ಸಾಲಿನ ಮೊದಲನೆಯವಳಾಗಿ ಅಮ್ಮ ನಿಂತಿದ್ದಳು. ತಲೆ ನೀಟಾಗಿ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು. ಕೈಯಲ್ಲಿ ಒಂದು ಹಾಳೆ. ಸ್ವಯಂ ಘೋಷಣೆಯ ನಮೂನೆ. ಎದುರಿನ ನಕಲು ಅಂಗಡಿಯವನ ಹತ್ತಿರ ತುಂಬಿಸಿಕೊಂಡು ಬಂದಿದ್ದಳು. ಕೆಳಗೆ ಅವಳ ಸಹಿ, ದೊಡ್ಡ ದೊಡ್ಡ ಅಕ್ಷರ, ಒಂದೊಂದೂ ಬಿಡಿಬಿಡಿ.

"ಬಿಟ್ಟುಬಿಟ್ಟೆ ಕಣಮ್ಮಾ," ಅಂದಳು.

"ಏನು ಬಿಟ್ರಿ?"

"ಕೆಲಸ. ನೀವು ಹೇಳಿದ್ರಲ್ಲ. ಯಜಮಾನ್ರು, ಯೋಚನೆ ಮಾಡು, ಆಮೇಲೆ ಬಂದರೆ ಜಾಗ ಇರಲ್ಲ ಅಂದ್ರು. ಬೇಡ ಸ್ವಾಮಿ ಅಂದೆ. ಮಗಳು ಓದು ಮುಗಿಸಲಿ, ಒಂದು ವರ್ಷ ನಾಲ್ಕು ಮನೆ ಪಾತ್ರೆ ತೊಳೆದಾದ್ರೂ ದಾಟಿಸ್ತೀನಿ. ಅದಕ್ಕೆ ಯಾರೂ ಪತ್ರ ಕೊಡಲ್ಲ ನೋಡಿ." ಅಂದು ಕಿಸಕ್ಕನೆ ನಕ್ಕಳು. "ಈಗ ಸರಿ ಆಯ್ತಲ್ಲ? ಹೊಡೀರಿ ಮುದ್ರೆ."

ನನ್ನ ಕೈಯಲ್ಲಿ ಮುದ್ರೆ ಇತ್ತು. ಕೆಲಸ ಬಿಟ್ಟಿದ್ದು ಈ ವರ್ಷ. ನಮಗೆ ಬೇಕಾದ್ದು ಹೋದ ವರ್ಷ. ಹೋದ ವರ್ಷ ಅವಳು ಮೇಲ್ವಿಚಾರಕಿ, ನನ್ನದೇ ಮುದ್ರೆಯ ಪ್ರಕಾರ. ಹೇಳಬೇಕು ಅಂತ ಬಾಯಿ ತೆಗೆದೆ. ಅವಳು ತೂತಿನ ಹತ್ತಿರ ಮುಖ ತಂದು ಕಾಯ್ತಿದ್ದಳು. ನನ್ನಿಂದ ಆಗಲಿಲ್ಲ. ಹೇಡಿ ನಾನು.

"ಕೊಟ್ಟುಹೋಗಿ, ನೋಡ್ತೀನಿ," ಅಂದೆ. ಮುದ್ರೆ ಹೊಡೆಯಲಿಲ್ಲ. ಆ ಮುದ್ರೆ ನನ್ನ ಕೈ ಸೇರಿದ ಮೇಲೆ ಮುದ್ರೆಗೆ ಮುಂಚೆ ಓದಿದ್ದು ಆ ಒಂದೇ ಕಾಗದ.

ಕಿಟಕಿ ಮುಚ್ಚಿ ಸಾಹೇಬರ ಹತ್ತಿರ ಓಡಿದೆ. ಸಾಲಿನಲ್ಲಿದ್ದವರು ಹಿಡಿಶಾಪ ಹಾಕಿದರು, ಹಾಕಲಿ. ಸಾಹೇಬರು ನಿಯಮದ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ಅವರಿಗೂ ಗೊತ್ತು, ನನಗೂ ಗೊತ್ತು, ಆದರೂ ಇಬ್ಬರೂ ಓದಿದೆವು. "ನಾನೇ ಹಾಳು ಮಾಡಿದೆ ಸಾರ್," ಅಂದೆ. "ನಾನೇ ಅವಳ ಕೆಲಸ ಕಳೆದೆ." ಸಾಹೇಬರು ಕನ್ನಡಕ ಒರೆಸಿಕೊಂಡರು. "ಆ ಸಂಬಳದ ಪತ್ರ, ಈ ಘೋಷಣೆ, ಎರಡೂ ಒಂದೇ ಫೈಲಿಗೆ ಹೋದರೆ, ಹುಡುಗಿ ಸುಳ್ಳು ದಾಖಲೆ ಕೊಟ್ಟಳು ಅಂತ ತನಿಖೆ ಆಗುತ್ತೆ. ಪದವಿಗೂ ಕುತ್ತು. ಈ ಘೋಷಣೆಯನ್ನ ಹರಿದುಹಾಕಿ," ಅಂದರು. "ನೀವು ಅವಳಿಗೆ ಮಾಡಬಹುದಾದ ಉಪಕಾರ ಈಗ ಅದೊಂದೇ."

ಹುಡುಗಿಗೆ ಹೇಳಿದ್ದು ನಾನೇ. ಅವಳ ವಿಭಾಗದ ಹಿಂದಿನ ಮೆಟ್ಟಿಲ ಮೇಲೆ. ಬೈತಾಳೆ, ಮುಖಕ್ಕೆ ಉಗೀತಾಳೆ ಅಂತ ಕಾದಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಮ್ಮನಿಗೆ ಗೊತ್ತಾ?" ಅಂದಳು. ಇಲ್ಲ ಅಂದೆ. "ಯಾವಾಗ ಬಿಟ್ಟಳು?" ಅಂದಳು. ಅವಳಿಗೂ ಅದು ಗೊತ್ತಿರಲಿಲ್ಲ. ಅಮ್ಮ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಲಾಂಡ್ರಿಗೆ ಹೋಗೋ ಹಾಗೇ ಮನೆಯಿಂದ ಹೊರಡ್ತಿದ್ದಳಂತೆ.

ಎರಡು ವಾರ ಬಿಟ್ಟು ಹುಡುಗಿ ನನ್ನ ಕಿಟಕಿಗೆ ಬಂದಳು. ಬಾಕಿ ಇಲ್ಲ ಅನ್ನೋ ನಮೂನೆ ಹಿಡಿದುಕೊಂಡು. ಗ್ರಂಥಾಲಯದ ಸಹಿ ಆಗಿತ್ತು, ಪ್ರಯೋಗಾಲಯದ ಸಹಿ ಆಗಿತ್ತು. ಪಕ್ಕದಲ್ಲಿ 'ಧ್ವನಿ ಮುದ್ರಣ ಯಂತ್ರ ಒಂದು, ವಾಪಸ್ ಬಂದಿದೆ' ಅಂತ ಬರೆದಿತ್ತು. ನನ್ನ ಸಹಿ ಆದರೆ ಅವಳ ಮೂಲ ಅಂಕಪಟ್ಟಿಗಳು ಕೈಗೆ ಸಿಗುತ್ತವೆ, ವಿಶ್ವವಿದ್ಯಾಲಯದ ಋಣ ಹರೀತು.

"ಎಲ್ಲಿಗೆ ಹೋಗ್ತೀಯಾ?"

"ಲಾಂಡ್ರಿಗೆ. ಅಮ್ಮನ್ನ ವಾಪಸ್ ತಗೊಳ್ಳಿ ಅಂತ ಕೇಳೋಕೆ ಹೋಗಿದ್ದೆ. ವಯಸ್ಸಾಯ್ತು, ಕೈ ನಡುಗುತ್ತೆ, ಬೇಡ ಅಂದ್ರು. ನೀನು ಬೇಕಾದ್ರೆ ಬಾ ಅಂದ್ರು."

"ಏಳನೇ ಮೇಜಾ?"

"ಹೂಂ." ತೂತಿಗೆ ಇನ್ನಷ್ಟು ಬಗ್ಗಿದಳು. "ಅಕ್ಕಾ, ಒಂದು ಕೇಳ್ಕೋತೀನಿ. ಅಮ್ಮ ನಿಮ್ಮ ಹತ್ತಿರ ಬಂದೇ ಬರ್ತಾಳೆ. ಸಹಾಯಧನ ಬಂದಿದೆ, ನಾನೇ ಬೇಡ ಅಂದೆ ಅಂತ ಹೇಳಿದ್ದೀನಿ. ಓದು ಸಾಕಾಯ್ತು, ಕಪ್ಪೆ ಕೂಗು ಕೇಳಿ ಕೇಳಿ ತಲೆ ಕೆಟ್ಟಿತು ಅಂದೆ. ನೀವೂ ಹಾಗೇ ಹೇಳಿ."

"ಯಾಕೇ? ನಿನ್ನ ಮೇಲೆ ಯಾಕೆ ಹಾಕ್ಕೋತೀಯಾ? ನನ್ನ ಮೇಲೆ ಹಾಕು. ನಿಜ ಅದೇ ತಾನೇ?"

"ನಿಮ್ಮ ಮೇಲೆ ಹಾಕಿದ್ರೆ ಅವಳು ಒಪ್ಪಲ್ಲ. ನೀವು ದೊಡ್ಡೋರು, ಓದಿದೋರು. ಕೊನೆಗೆ ತನ್ನ ಮೇಲೇ ಹಾಕ್ಕೋತಾಳೆ. ಪತ್ರ ಚೆನ್ನಾಗಿ ಬರೀರಿ ಅಂದಿದ್ದೂ ನಾನೇ, ಕೆಲಸ ಬಿಟ್ಟಿದ್ದೂ ನಾನೇ ಅಂತ." ಅವಳ ದನಿ ಮೊದಲ ಸಲ ಒಡೆಯಿತು. "ನನ್ನ ಮೇಲೆ ಸಿಟ್ಟಿದ್ರೆ ಬೈತಾಳೆ, ಬೈದು ಊಟ ಮಾಡ್ತಾಳೆ. ತನ್ನ ಮೇಲೆ ಸಿಟ್ಟು ಬಂದ್ರೆ ಊಟ ಬಿಡ್ತಾಳೆ. ನನಗೆ ಗೊತ್ತು."

ಸಹಿ ಹಾಕಿದೆ. ಓದಿ ಹಾಕಿದೆ, ಪ್ರತಿ ಸಾಲನ್ನೂ. ಹಿಂದಿದ್ದವರು ಗೊಣಗಿದರು.

ಅಮ್ಮ ಬಂದೇ ಬಂದಳು. ಈ ಸಲ ಕೂದಲು ಕೆದರಿತ್ತು. ತೂತಿಗೆ ಬಾಯಿಟ್ಟು ಶುರು ಮಾಡಿದಳು: "ನೋಡೀಮ್ಮಾ ಅವಳ ಪೊಗರು! ನೀವು ದಾರಿ ತೋರಿಸಿದ್ರಿ, ನಾನು ಮಾಡಿದೆ, ಕೈಗೆ ಬಂದಿತ್ತು. ಒದ್ದುಬಿಟ್ಲು! ಹತ್ತೊಂಬತ್ತು ವರ್ಷ ಅದೇ ಮೇಜಿನ ಮುಂದೆ ನಿಂತಿದ್ದು ಅವಳು ಅಲ್ಲಿ ನಿಲ್ಲಬಾರದು ಅಂತ. ಹೋಗಿ ಅಲ್ಲೇ ನಿಂತ್ಲು. ಅವಳ ಮುಖ ನೋಡಲ್ಲ ನಾನು. ಮೂರು ದಿನದಿಂದ ಮಾತಾಡಿಲ್ಲ." ಬೈದು ಬೈದು ಸುಸ್ತಾಗಿ, ಕಣ್ಣು ಒರೆಸಿಕೊಂಡು, ದನಿ ತಗ್ಗಿಸಿದಳು. "ನೀವೇನೂ ಬೇಜಾರು ಮಾಡ್ಕೋಬೇಡಿ. ನಿಮ್ಮ ಉಪಕಾರ ನಾನು ಮರೆಯಲ್ಲ."

ನನ್ನ ಕಾಲ ಕೆಳಗಿನ ನೆಲ ಕುಸಿದಿದ್ದರೆ ಚೆನ್ನಾಗಿತ್ತು. "ಹೌದು," ಅಂದೆ. "ನಿಮ್ಮ ಮಗಳಿಗೆ ಪೊಗರು ಜಾಸ್ತಿ." ಇಪ್ಪತ್ತಾರು ವರ್ಷ ಸುಳ್ಳು ಹಿಡಿದವಳ ಬಾಯಿಂದ ಅದು ಸಲೀಸಾಗಿ ಬಂತು.

ಅವಳು ಚೀಲದಿಂದ ಒಂದು ಕಾಗದ ತೆಗೆದಳು. ಹೊಸ ಅರ್ಜಿ, ಮತ್ತೆ ಆ ನಕಲು ಅಂಗಡಿಯವನ ಕೈಬರಹ. ಮೂಲೆಯಲ್ಲಿ ಹುಡುಗಿಯ ಫೋಟೋ. ಶಾಲೆಯ ಕಾಲದ್ದು, ಎರಡು ಜಡೆ.

"ಅವಳ ಸಹಾಯಧನವನ್ನ ಬೇರೆ ಯಾರಿಗೂ ಕೊಡಬೇಡಿ, ಎತ್ತಿಡಿ. ಬುದ್ಧಿ ಬಂದ ದಿನ ಕಳಿಸ್ತೀನಿ, ಒಂದು ವರ್ಷ ಆಗಲಿ, ಎರಡಾಗಲಿ. ಇದಕ್ಕೆ ಮುದ್ರೆ ಹೊಡೆದಿಟ್ಟುಕೊಳ್ಳಿ. ಮುದ್ರೆ ಬಿದ್ದರೆ ಯಾರೂ ತೆಗೆಯೋಕಾಗಲ್ಲ ಅಂತ ನನ್ನ ಮಗಳೇ ಹೇಳಿದ್ದಾಳೆ."

ವರ್ಷ ಬಿಟ್ಟವರಿಗೆ ಇಲ್ಲ. ಇಲ್ಲವೇ ಇಲ್ಲ. ಕಾಗದ ತಗೊಂಡೆ, ನೇರ ಮಾಡಿ ಇಟ್ಟೆ, ಠಪ್ ಅಂತ ಹೊಡೆದೆ.

ಅವಳು ಗಾಜಿಗೆ ಹಣೆ ಒತ್ತಿ ನೋಡಿದಳು. "ಅಕ್ಷರ ಸರಿಯಾಗಿ ಮೂಡಿಲ್ಲ ಅಮ್ಮಾ," ಅಂದಳು. "ಇನ್ನೊಂದು ಸಲ ಗಟ್ಟಿಯಾಗಿ ಹೊಡೀರಿ."

ಮುದ್ರೆಯನ್ನ ಶಾಯಿಗೆ ಒತ್ತಿ, ಇನ್ನೊಂದು ಸಲ ಗಟ್ಟಿಯಾಗಿ ಹೊಡೆದೆ.